ಛಾವಣಿ ಎಂದರೆ ಯಾವುದು: ಮಾಡೋ, ಸೂರೋ, ತಾರಸಿಯೋ?

ನೀರಲೆಕ್ಕ:
ಮಳೆ ಕೊಯ್ಲಿನ ಬಗ್ಗೆ ಹಳ್ಳಿ ಶಾಲೆಗಳಿಗೆ ಹಂಚಲು ಕನ್ನಡದಲ್ಲಿ ಒಂದು ಕಿರು ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಮೊದಲ ಪುಟದ ಮೊದಲ ವಾಕ್ಯದಲ್ಲೇ ಸಿಕ್ಕಿಬಿದ್ದಿದ್ದೇನೆ. ವಾಕ್ಯ ಇದು: “ನಿಮ್ಮ ಮನೆಯ ಛಾವಣಿಯ ಮೇಲೆ ಬಿದ್ದ ಮಳೆನೀರು ಎಲ್ಲಿಗೆ ಹೋಗುತ್ತದೆ?”

ಕರಡನ್ನು (ಚಿತ್ರದ ಸಮೇತ ಇಲ್ಲೂ ಹಾಕಿದ್ದೇನೆ) ಮೂವರಿಗೆ ಕಳುಹಿಸಿದೆ. ಪುತ್ತೂರಿನ ಕಡೆಯ ಗೆಳತಿ ‘ಛಾವಣಿ’ಯನ್ನು ಹೊಡೆದುಹಾಕಿ ‘ಮಾಡು’ ಎಂದು ಬರೆದಳು. ಮೈಸೂರಿನ ಸಹೋದ್ಯೋಗಿ ಅದನ್ನೂ ಹೊಡೆದು ‘ತಾರಸಿ’ ಎಂದರು. ಮೂರನೆಯವರು ನಿವೃತ್ತ ಅಧಿಕಾರಿ. ಅವರು ‘ಮೇಲ್ಛಾವಣಿ’ ಎಂದು ತಿದ್ದಿ, ಪಕ್ಕದಲ್ಲಿ ಕಿರುಸಹಿಯನ್ನೂ ಹಾಕಿ ಕಳುಹಿಸಿದರು.

ನಿಘಂಟಿನ ಅರ್ಥ ನನ್ನ ಬಳಿಯೂ ಇದೆ. ನನಗೆ ಬೇಕಿರುವುದು ಬಳಕೆ. ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ?

ಕಡಲತಡಿ:
ನಿಮ್ಮ ಪುತ್ತೂರಿನ ಗೆಳತಿ ಸರಿಯಾಗಿಯೇ ತಿದ್ದಿದ್ದಾರೆ. ಹೆಂಚಿನ ಮಾಡು, ಮುಳಿಹುಲ್ಲಿನ ಮಾಡು, ತಗಡಿನ ಮಾಡು. ತುಳುವಿನಲ್ಲೂ ಅದು ಮಾಡೇ. ಛಾವಣಿ ಎಂಬ ಮಾತನ್ನು ನಾನು ಮೊದಲು ಕಂಡದ್ದು ಪಾಠದ ಪುಸ್ತಕದಲ್ಲಿ. ಆಷಾಢದ ರಾತ್ರಿ ಪಾತ್ರೆ ಹುಡುಕುತ್ತಾ ಎದ್ದ ಅಮ್ಮ “ಛಾವಣಿ ಸೋರುತ್ತಿದೆ” ಎಂದದ್ದನ್ನು ನಾನಂತೂ ಕೇಳಿಲ್ಲ.

ಒಂದು ತಮಾಷೆ ಹೇಳುತ್ತೇನೆ. ಅಣ್ಣ ಹಳೆಯ ಮನೆ ಕೆಡವಿ ಕಾಂಕ್ರೀಟಿನ ಮನೆ ಕಟ್ಟಿಸಿದ. ಊರಿನವರು ಅದನ್ನು ‘ಟೆರೇಸಿನ ಮನೆ’ ಎಂದು ಕರೆದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯೆಲ್ಲ ಪಾಚಿ ಹಿಡಿಯಿತು. ಮೂರನೆಯ ವರ್ಷ ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಎರಡೂ ಬದಿಗೆ ಇಳಿಜಾರಾಗಿ ತಗಡು ಹೊದಿಸಿದ. ಈಗ ಎಲ್ಲರೂ ಹೇಳುವುದು, “ಅವನು ಟೆರೇಸಿಗೆ ಮಾಡು ಹಾಕಿಸಿದ” ಎಂದು. ಅಂದರೆ ಕಾಂಕ್ರೀಟು ನಮ್ಮ ಲೆಕ್ಕದಲ್ಲಿ ಮಾಡೇ ಆಗಿರಲಿಲ್ಲ. ನೀರು ಜಾರಿ ಹೋಗದ್ದನ್ನು ನಾವು ಮಾಡು ಎನ್ನುವುದಿಲ್ಲ.

ಹಳೆಯ ಮೇಷ್ಟ್ರು:
ಕಡಲತಡಿಯವರೇ, ನಿಮ್ಮ ‘ಮಾಡು’ ನನ್ನನ್ನು ಒಮ್ಮೆ ತರಗತಿಯಲ್ಲಿ ಪೇಚಿಗೆ ಸಿಕ್ಕಿಸಿತ್ತು. ನಾನು ತುಮಕೂರು ಕಡೆಯವನು. ಪಾಠದಲ್ಲಿ “ಮಳೆಗೆ ಮಾಡು ಸೋರುತ್ತಿತ್ತು” ಎಂಬ ಸಾಲು ಬಂತು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಸಾರ್, ಇಲ್ಲಿ ಒಂದು ಪದ ಬಿಟ್ಟುಹೋಗಿದೆ. ಮಳೆಗೆ ಏನು ಮಾಡು?” ಎಂದಳು.

ಕ್ರಿಯಾಪದದ ಮಾಡು ಬೇರೆ, ನಾಮಪದದ ಮಾಡು ಬೇರೆ ಎಂದು ಹಲಗೆಯ ಮೇಲೆ ಬರೆದೆ. ಮುಖದಲ್ಲಿ ಅನುಮಾನ ಹೋಗಲಿಲ್ಲ. ಕಿಟಕಿಯಾಚೆ ಅಡುಗೆ ಕೋಣೆಯ ಕಡೆ ಕೈ ತೋರಿಸಿ, “ಅಗೋ, ಅದೇ ಮಾಡು” ಎಂದೆ. “ಅದು ಹೆಂಚಲ್ಲವಾ ಸಾರ್?” ಎಂದಳು. ಅಲ್ಲಿಗೆ ನಾನು ಸೋತೆ.

ಅವಳು ಹೇಳಿದ್ದು ನಿಜ. ನಮ್ಮ ಕಡೆ ಆ ಇಡೀ ವಸ್ತುವಿಗೆ ಆಡುಮಾತಿನಲ್ಲಿ ಹೆಸರೇ ಇಲ್ಲ. ಹೆಂಚು ಸೋರುತ್ತದೆ, ಶೀಟು ಸೋರುತ್ತದೆ, ಕಾಂಕ್ರೀಟಿನದಾದರೆ ಮೋಲ್ಡ್ ಸೋರುತ್ತದೆ. ಯಾವುದರಿಂದ ಹೊದಿಸಿದ್ದಾರೋ ಅದೇ ಹೆಸರು. ಛಾವಣಿ ಎನ್ನುವುದು ಪರೀಕ್ಷೆಯಲ್ಲಿ ಬರೆಯುವ ಮಾತು.

ಕರಿಮಣ್ಣು:
ಇಡೀ ಚರ್ಚೆ ಇಳಿಜಾರಿನಲ್ಲೇ ನಡೆಯುತ್ತಿದೆ. ವಿಜಯಪುರ, ಬಾಗಲಕೋಟೆಯ ಕಡೆಗೂ ಸ್ವಲ್ಪ ಬನ್ನಿ. ನಮ್ಮದು ಮಾಳಿಗೆ. ಚಪ್ಪಟೆ, ಮಣ್ಣಿನದು, ಮೇಲೆ ಹತ್ತಿ ಓಡಾಡುವಂಥದ್ದು.

ಗೋಡೆಯಿಂದ ಗೋಡೆಗೆ ತೊಲೆ. ತೊಲೆಯ ಮೇಲೆ ಅಡ್ಡಲಾಗಿ ಜಂತೆ. ಜಂತೆಯ ಮೇಲೆ ಒತ್ತೊತ್ತಾಗಿ ಕಟ್ಟಿಗೆಯ ಸೀಳು, ಅದರ ಮೇಲೆ ದಪ್ಪಗೆ ಮಣ್ಣು. ಎಲ್ಲಕ್ಕಿಂತ ಮೇಲಿನ ಪದರಕ್ಕೆ ಕರಲು ಮಣ್ಣೇ ಬೇಕು. ಹೊಲದಲ್ಲಿ ಬೆಳೆ ಬಾರದ, ಉಪ್ಪು ಬಿಳಿಚಿಕೊಂಡ ಆ ಮಣ್ಣನ್ನು ಹುಡುಕಿಕೊಂಡು ಹೋಗಿ ತರುತ್ತಿದ್ದರು. ಒದ್ದೆಯಾದೊಡನೆ ಅದು ಜಿಗಿಯಾಗಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ನೀರು ಕೆಳಗಿಳಿಯಲು ಬಿಡುವುದಿಲ್ಲ. ಬೇಸಾಯಕ್ಕೆ ಶಾಪವಾದ ಮಣ್ಣು ತಲೆಯ ಮೇಲೆ ವರವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಹೊಸದಾಗಿ ಒಂದಷ್ಟು ಹಾಕಿ ತುಳಿದು ಸಮ ಮಾಡುತ್ತಿದ್ದೆವು. ಕೆಳಗಿನ ಕೋಣೆಗೆ ಬೆಳಕು ಬರಲು ನಡುವೆ ಬೆಳಕಿಂಡಿ. ಮೋಡ ಕಂಡೊಡನೆ ಓಡಿ ಹೋಗಿ ಅದನ್ನು ಮುಚ್ಚುವ ಕೆಲಸ ನನ್ನದು, ಮರೆತ ದಿನ ಬೈಗುಳವೂ ನನ್ನದೇ.

ಬೇಸಿಗೆಯಲ್ಲಿ ಮಲಗುವುದು, ಮೆಣಸಿನಕಾಯಿ ಒಣಗಿಸುವುದು, ಗಾಳಿಪಟ ಹಾರಿಸುವುದು, ಎಲ್ಲವೂ ಮಾಳಿಗೆಯ ಮೇಲೆ. ‘ಛಾವಣಿಯ ಮೇಲೆ ಮಲಗಿದೆವು’ ಎಂದರೆ ನನ್ನ ಅಜ್ಜಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು.

ಹಳೆಯ ಮೇಷ್ಟ್ರು:
ನಮ್ಮಲ್ಲಿ ಮಾಳಿಗೆ ಎಂದರೆ ಮೇಲಂತಸ್ತು. ‘ಅವರದು ಮಾಳಿಗೆ ಮನೆ’ ಎಂದರೆ ಅನುಕೂಲಸ್ಥರು ಎಂದೇ ಅರ್ಥ.

ಕಡಲತಡಿ:
ಅದಕ್ಕೆ ನಾವು ಉಪ್ಪರಿಗೆ ಎನ್ನುತ್ತೇವೆ.

ಕರಿಮಣ್ಣು:
ನಮ್ಮ ಕಡೆ ಮಾಳಿಗೆ ಇಲ್ಲದ ಬಡವನೇ ಇರಲಿಲ್ಲ. ತಗಡಿನ ಕೆಳಗೆ ಬೇಯುವ ಭಾಗ್ಯ ಆಮೇಲೆ ಬಂತು.

ಪದಬೇಟೆ:
‘ಛಾವಣಿ’ಯನ್ನು ಎಲ್ಲರೂ ಸೇರಿ ಹೊರಗೆ ಹಾಕುವ ಮೊದಲು ಅದರ ಪರವಾಗಿ ಎರಡು ಮಾತು.

ಇದರ ಬೇರು ಸಂಸ್ಕೃತದ ‘ಛದ್’, ಅಂದರೆ ಮುಚ್ಚು, ಹೊದಿಸು. ಆಚ್ಛಾದನ, ಛತ್ರಿ, ಛದ್ಮವೇಷ ಎಲ್ಲವೂ ಅದೇ ಬೇರಿನವು. ಕೊಡೆ ತಲೆಯನ್ನು ಮುಚ್ಚುತ್ತದೆ, ಛಾವಣಿ ಮನೆಯನ್ನು ಮುಚ್ಚುತ್ತದೆ, ಛದ್ಮವೇಷ ಮನುಷ್ಯನನ್ನೇ ಮುಚ್ಚುತ್ತದೆ. ಕಿಟಕಿಯ ಮೇಲೆ ಮಳೆ ಬೀಳದಂತೆ ಚಾಚಿಕೊಂಡಿರುತ್ತದಲ್ಲ, ಗಾರೆ ಕೆಲಸದವರು ‘ಸಜ್ಜ’ ಎನ್ನುತ್ತಾರೆ, ಅದೂ ಹಿಂದಿಯ ‘ಛಜ್ಜಾ’ದ ಮೂಲಕ ಇದೇ ಮನೆತನಕ್ಕೆ ಸೇರಿದ್ದು.

ಮರಾಠಿ, ಹಿಂದಿಗಳಲ್ಲಿ ಛಾವಣಿ ಎಂದರೆ ಮುಖ್ಯವಾಗಿ ಸೈನ್ಯ ಬೀಡುಬಿಡುವ ಜಾಗ. ಕನ್ನಡದಲ್ಲೂ ಆ ಅರ್ಥ ಇದೆ, ಆದರೆ ಬಳಕೆಯಲ್ಲಿ ಹಿಂದೆ ಸರಿದಿದೆ. ಬ್ರಿಟಿಷರು 1809ರಲ್ಲಿ ಬೆಂಗಳೂರಿನಲ್ಲಿ ಸೇನಾ ನೆಲೆ ಸ್ಥಾಪಿಸಿದಾಗ ಜನ ಅದನ್ನು ‘ದಂಡು’ ಎಂದು ಕರೆದರು. ಆ ಅರ್ಥಕ್ಕೆ ದಂಡು ನಿಂತಿತು, ಛಾವಣಿ ಮನೆಯ ಮೇಲೆ ಉಳಿಯಿತು. ಮರಾಠಿ ಬಲ್ಲವರು ನಮ್ಮ ‘ಶಾಲೆಯ ಛಾವಣಿ ಕುಸಿತ’ ಎಂಬ ಸುದ್ದಿ ಓದಿದರೆ ಶಾಲೆಯಲ್ಲಿ ಸೈನಿಕರೇಕೆ ಇದ್ದರು ಎಂದು ಒಂದು ಕ್ಷಣ ಗಾಬರಿಯಾಗಬಹುದು.

ಇನ್ನು ತಾರಸಿ. ಇಂಗ್ಲಿಷಿನ ಟೆರೇಸ್ ಕನ್ನಡದ ಬಾಯಿಗೆ ಒಗ್ಗಿದ ರೂಪ. ಅದರ ಮೂಲ ಲ್ಯಾಟಿನ್ನಿನ ‘ಟೆರ್ರಾ’, ಅಂದರೆ ಮಣ್ಣು, ನೆಲ. ಕರಿಮಣ್ಣು ಅವರ ಮಾಳಿಗೆಯೇ ನಿಜವಾದ ತಾರಸಿ. ನಾವು ಕಾಂಕ್ರೀಟಿಗೆ ಆ ಹೆಸರಿಟ್ಟು ಮಣ್ಣಿನದಕ್ಕೆ ಕೊಡಲಿಲ್ಲ.

ಎರಡನೇ ಮಹಡಿ:
ನಾನು ನಾಲ್ಕು ಮಹಡಿಯ ಕಟ್ಟಡದಲ್ಲಿ ಇರುವವಳು. ನನ್ನ ತಲೆಯ ಮೇಲಿರುವುದು ಮೂರನೇ ಮಹಡಿಯವರ ನೆಲ. ಅವರು ಕುರ್ಚಿ ಎಳೆದಾಗಲೆಲ್ಲ ನೆನಪಾಗುತ್ತದೆ. ಫ್ಯಾನ್ ನೇತುಹಾಕಿರುವ ಆ ಭಾಗಕ್ಕೆ ಕನ್ನಡದಲ್ಲಿ ಏನು ಹೇಳಬೇಕು? ಮನೆ ತೋರಿಸಲು ಬಂದವರು ‘ಸೀಲಿಂಗ್’ ಎಂದರು, ನಾನೂ ಹಾಗೆಯೇ ಎನ್ನುತ್ತಿದ್ದೇನೆ.

ಕಡಲತಡಿ:
ಮಾಡಿನ ಕೆಳಗೆ ಹಲಗೆ ಹೊಡೆದಿದ್ದರೆ ಅದು ಮುಚ್ಚಿಗೆ. ಹಳೆಯ ಮನೆಗಳ ಮುಚ್ಚಿಗೆಯಲ್ಲಿ ಕೆತ್ತನೆಯೂ ಇರುತ್ತಿತ್ತು. ಮುಚ್ಚಿಗೆಗೂ ಮಾಡಿಗೂ ನಡುವಿನ ಜಾಗ ಅಟ್ಟ. ಅಲ್ಲಿ ಸೌತೆಕಾಯಿ ತೂಗುಹಾಕಿರುತ್ತಾರೆ, ಹಳೆಯ ಕಬ್ಬಿಣದ ಪೆಟ್ಟಿಗೆ ಇರುತ್ತದೆ, ಬೆಕ್ಕು ಮರಿ ಹಾಕಿರುತ್ತದೆ. ಕಾಂಕ್ರೀಟಿನ ಒಳಮೈಗೆ ನಮ್ಮಲ್ಲೂ ಬೇರೆ ಹೆಸರಿಲ್ಲ.

ಪದಬೇಟೆ:
ಪುಸ್ತಕದಲ್ಲಿ ‘ಒಳಛಾವಣಿ’ ಎಂದು ಬರೆಯುತ್ತಾರೆ. ದೇವಾಲಯಗಳ ಬಗ್ಗೆ ಬರೆಯುವವರು ‘ವಿತಾನ’ ಎನ್ನುತ್ತಾರೆ. ಹೊಯ್ಸಳ ಗುಡಿಯ ನವರಂಗದಲ್ಲಿ ನಿಂತು ತಲೆಯೆತ್ತಿದರೆ ಗುಮ್ಮಟದಂತೆ ಒಳಸರಿದ ಕೆತ್ತನೆ ಕಾಣುತ್ತದಲ್ಲ, ಅದಕ್ಕೆ ಭುವನೇಶ್ವರಿ ಎಂಬ ಹೆಸರೇ ಇದೆ.

ಛಾವಣಿ ನೋಡಲೆಂದೇ ಹೋಗಬೇಕಾದ ಗುಡಿ ಬೇಕಿದ್ದರೆ ಐಹೊಳೆಯ ಲಾಡಖಾನ್ ಗುಡಿ. ಇಳಿಜಾರಾಗಿ ಜೋಡಿಸಿದ ದೊಡ್ಡ ಕಲ್ಲು ಚಪ್ಪಡಿಗಳು. ಎರಡು ಚಪ್ಪಡಿ ಸೇರುವ ಕಡೆ ನೀರು ಇಳಿಯದಂತೆ ಮೇಲೊಂದು ಉದ್ದನೆಯ ಕಲ್ಲಿನ ಪಟ್ಟಿ, ಥೇಟ್ ಮರದ ದಿಮ್ಮಿಯಂತೆ. ಕಲ್ಲುಕುಟಿಗರು ಮರದ ಮನೆಯ ಮಾಡನ್ನು ಕಲ್ಲಿನಲ್ಲಿ ಕಟ್ಟಿದ್ದಾರೆ.

ಎರಡನೇ ಮಹಡಿ:
ಫ್ಯಾನ್ ಇನ್ನು ಮುಂದೆ ಭುವನೇಶ್ವರಿಯಲ್ಲೇ ತಿರುಗಲಿ.

ಅಚ್ಚುಮೊಳೆ:
ಪತ್ರಿಕೆಯ ಮೇಜಿನಲ್ಲಿ ಕೂತವನಾಗಿ ಹೇಳುತ್ತೇನೆ. ಕಾಗುಣಿತದ ಜಗಳ ಮೊದಲು: ‘ಛಾವಣಿ’ ಮೂಲಕ್ಕೆ ಹತ್ತಿರ, ‘ಚಾವಣಿ’ ನಾಲಿಗೆಗೆ ಹತ್ತಿರ. ಎರಡೂ ಅಚ್ಚಾಗುತ್ತವೆ. ಒಂದು ಪತ್ರಿಕೆ ಒಂದನ್ನು ಹಿಡಿದು ನಡೆದರೆ ಸಾಕು. ಒಂದೇ ಸುದ್ದಿಯ ಶೀರ್ಷಿಕೆಯಲ್ಲಿ ಒಂದು, ಒಡಲಲ್ಲಿ ಇನ್ನೊಂದು ಬಂದಾಗ ಮಾತ್ರ ನನಗೆ ತಲೆನೋವು.

‘ಮೇಲ್ಛಾವಣಿ’ ಕಚೇರಿಯ ಕೂಸು. ಛಾವಣಿ ಇರುವುದೇ ಮೇಲೆ, ಮತ್ತೆ ಮೇಲ್ ಏಕೆ? ಒಳಛಾವಣಿಯಿಂದ ಬೇರೆ ಎಂದು ತೋರಿಸಬೇಕಾದ ಕಡೆ ಇರಲಿ, ಮಿಕ್ಕ ಕಡೆ ನಾನು ಹೊಡೆದುಹಾಕುತ್ತೇನೆ. ಮರುದಿನ ಅದು ಇನ್ನೊಂದು ಪ್ರಕಟಣೆಯಲ್ಲಿ ಮರಳಿ ಬರುತ್ತದೆ.

ಶೀರ್ಷಿಕೆಗೆ ನಮ್ಮ ಅಚ್ಚುಮೆಚ್ಚಿನ ಪದ ‘ಸೂರು’. ಎರಡೇ ಅಕ್ಷರ, ಎಲ್ಲಿ ಬೇಕಾದರೂ ಕೂರುತ್ತದೆ. ಬಡವರಿಗೆ ಸೂರು, ಸೂರಿಗಾಗಿ ಅರ್ಜಿ, ಒಂದೇ ಸೂರಿನಡಿ ಎಲ್ಲ ಸೇವೆ. ಇಲ್ಲಿ ಸೂರು ಎಂದರೆ ಮನೆಯೇ. ‘ಬಡವರಿಗೆ ಛಾವಣಿ’ ಎಂದು ಹಾಕಿದರೆ ಗೋಡೆ ಯಾರು ಕೊಡುತ್ತಾರೆ ಎಂದು ಓದುಗರು ಕೇಳುತ್ತಾರೆ. ಗಾಳಿಮಳೆಯ ಸುದ್ದಿಗೆ ಮಾತ್ರ ಛಾವಣಿಯೇ ಬೇಕು. ಸೂರು ಹಾರಿಹೋಯಿತು ಎಂದರೆ ಏನೋ ಸಾಲದು.

ನೀರಲೆಕ್ಕ:
ಹಾಗಾದರೆ ‘ಸೂರು’ ಹಾಕಿಬಿಡಲೇ? ಎಲ್ಲ ಕಡೆಯವರಿಗೂ ಅರ್ಥವಾಗುತ್ತದೆ.

ಮಲೆನಾಡ ಹನಿ:
ದಯವಿಟ್ಟು ಬೇಡ. ಈವರೆಗೆ ಸುಮ್ಮನೆ ಓದುತ್ತಿದ್ದೆ, ಈಗ ತಡೆಯಲಾಗಲಿಲ್ಲ.

ಸೂರು ಎಂದರೆ ಇಡೀ ಮಾಡಲ್ಲ. ಮಾಡು ಗೋಡೆಯನ್ನು ದಾಟಿ ಹೊರಗೆ ಚಾಚಿ, ಕೆಳಗೆ ಬಾಗಿ ಮುಗಿಯುತ್ತದಲ್ಲ, ಆ ಅಂಚು ಸೂರು. ತೆಲುಗಿನಲ್ಲಿ ಇದೇ ಪದ ‘ಚೂರು’, ಅಲ್ಲಿಯೂ ಅಂಚೇ. ಪತ್ರಿಕೆಯವರು ಅಂಚನ್ನು ಹಿಡಿದೆಳೆದು ಇಡೀ ಮನೆಗೆ ಹೊದಿಸಿಬಿಟ್ಟಿದ್ದಾರೆ. ತಪ್ಪೆನ್ನುತ್ತಿಲ್ಲ, ಭಾಷೆ ಹಾಗೆಯೇ ನಡೆಯುತ್ತದೆ. ಆದರೆ ಅಂಚಿಗೆ ನಾವು ಈಗ ಏನು ಹೇಳಬೇಕು?

ನಮ್ಮ ಸಾಗರದ ಕಡೆಯ ಮನೆಯ ಸುತ್ತ ಅಂಗಳದಲ್ಲಿ ಒಂದು ಗೆರೆ ಇತ್ತು. ಯಾರೂ ಎಳೆದದ್ದಲ್ಲ. ಸೂರಿನಿಂದ ತೊಟ್ಟಿಕ್ಕಿದ ನೀರು ವರ್ಷಗಟ್ಟಲೆ ಒಂದೇ ಕಡೆ ಬಿದ್ದು ಸಾಲಾಗಿ ಗುಳಿ ಬಿದ್ದಿತ್ತು, ಹೆಂಚಿನ ಒಂದೊಂದು ಕಾಲುವೆಗೆ ಒಂದೊಂದು ಗುಳಿ. ಗುಳಿಯಲ್ಲಿ ಮಣ್ಣು ಕೊಚ್ಚಿ ಹೋಗಿ ಸಣ್ಣ ಕಲ್ಲುಗಳು ತೊಳೆದಿಟ್ಟಂತೆ ಕಾಣುತ್ತಿದ್ದವು. ಮಕ್ಕಳಿಗೆ ಅದೇ ಗಡಿ. ಗೆರೆಯೊಳಗೆ ನಿಂತರೆ ನೆನೆಯುವುದಿಲ್ಲ, ಆಚೆ ಕಾಲಿಟ್ಟರೆ ನೆನೆಯುತ್ತೀರಿ. ಅಡಿಕೆ ಮರದ ದಂಬೆಯನ್ನು, ಅಂದರೆ ನೀರು ಹರಿಯಲು ಸೀಳಿ ತೋಡಿದ ಮರವನ್ನು, ಸೂರಿನ ಕೆಳಗೆ ಕಟ್ಟಿ, ಅದರ ತುದಿಗೆ ಹಂಡೆ ಇಡುತ್ತಿದ್ದರು. ನಿಮ್ಮ ಕೈಪಿಡಿಯ ಮಳೆ ಕೊಯ್ಲು ಅಷ್ಟೇ ತಾನೇ?

ನಮ್ಮಲ್ಲಿ ಮೊದಲು ಅಡಿಕೆ ಗರಿ ಹೊದಿಸಿದ ಸೋಗೆ ಮನೆ, ಆಮೇಲೆ ನಾಡಹೆಂಚು. ಅರ್ಧ ಕೊಳವೆಯಂಥ ಹೆಂಚು, ಕುಂಬಾರರು ಮಾಡಿದ್ದು. ಒಂದನ್ನು ಅಂಗಾತ, ಅದರ ಮೇಲೆ ಇನ್ನೊಂದನ್ನು ಕವುಚಿ ಜೋಡಿಸುವುದು. ಮಂಗ ಓಡಿದರೆ ಸಾಕು, ಸರಿದುಬಿಡುತ್ತದೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಆಳು ಕರೆಸಬೇಕು. ಒಂದೊಂದನ್ನೂ ತೆಗೆದು, ಕಸ ಗುಡಿಸಿ, ಒಡೆದದ್ದನ್ನು ಬದಲಿಸಿ, ಮತ್ತೆ ಜೋಡಿಸುವುದಕ್ಕೆ ‘ಕೈಯಾಡಿಸುವುದು’ ಎಂಬ ಒಂದೇ ಮಾತು. ಇಂದಿನ ‘ಛಾವಣಿ ನಿರ್ವಹಣೆ’ಯಲ್ಲಿ ಆ ಕೈ ಎಲ್ಲಿದೆ ಹೇಳಿ.

ಕಡಲತಡಿ:
ಮಂಗ ಓಡಿದರೂ ಅಲುಗದ ಹೆಂಚು ನಮ್ಮೂರಿನದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಬಳಿ ಹೆಂಚಿನ ಕಾರ್ಖಾನೆ ತೆರೆದರು. ನದಿ ಬಯಲಿನ ಜೇಡಿಮಣ್ಣು, ಅಚ್ಚಿನಲ್ಲಿ ಒತ್ತಿದ ಚಪ್ಪಟೆ ಹೆಂಚು, ಒಂದರ ಅಂಚು ಇನ್ನೊಂದರ ತೋಡಿಗೆ ಕೂರುತ್ತದೆ. ಹಿಂಬದಿಯ ಗುಬಟು ಕೆಳಗಿನ ರೀಪಿಗೆ, ಅಂದರೆ ಮರದ ಅಡ್ಡಪಟ್ಟಿಗೆ, ಸಿಕ್ಕಿಕೊಳ್ಳುತ್ತದೆ. ಬೆಳಕಿಗೆ ನಡುವೆ ಒಂದೆರಡು ಗಾಜಿನ ಹೆಂಚು.

ಇನ್ನೂ ಒಂದು: ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದೂ ಮಂಗಳೂರಿನ ಅದೇ ಮಿಷನ್ನಿನಿಂದ. ನಾವು ಇಲ್ಲಿ ಜಗಳವಾಡುತ್ತಿರುವ ಹೆಂಚೂ ಪದಗಳೂ ಒಂದೇ ಕಡೆ ಅಚ್ಚಾದವು.

ಹಳೆಯ ಮೇಷ್ಟ್ರು:
ಜನಗಣತಿಯವರೂ ಈ ವ್ಯತ್ಯಾಸ ಬಲ್ಲರು. 2011ರ ಮನೆಪಟ್ಟಿಯಲ್ಲಿ ಛಾವಣಿ ಯಾವುದರಿಂದ ಎಂಬ ಪ್ರಶ್ನೆಗೆ ಕೈಯಿಂದ ಮಾಡಿದ ಹೆಂಚು ಒಂದು ಉತ್ತರ, ಯಂತ್ರದಲ್ಲಿ ಮಾಡಿದ ಹೆಂಚು ಬೇರೊಂದು ಉತ್ತರ. ಹುಲ್ಲು, ಕಲ್ಲು, ತಗಡು, ಕಾಂಕ್ರೀಟು ಬೇರೆ ಬೇರೆ. ಅಲ್ಲಿಯೂ ನನ್ನ ವಿದ್ಯಾರ್ಥಿನಿಯದೇ ತರ್ಕ, ವಸ್ತುವಿನ ಹೆಸರು ಹೇಳಿ ಮುಂದೆ ಹೋಗುವುದು.

ಸೆಂಟ್ರಿಂಗ್ ಕೆಲಸದವನು:
ಇಪ್ಪತ್ತು ವರ್ಷದಿಂದ ಇದೇ ಕೆಲಸ. ಛಾವಣಿ ಎಂದು ಒಬ್ಬ ಮಾಲೀಕರೂ ನನ್ನ ಬಳಿ ಹೇಳಿಲ್ಲ. “ಮೋಲ್ಡ್ ಯಾವಾಗ?” ಎನ್ನುತ್ತಾರೆ. ಹುಬ್ಬಳ್ಳಿ ಕಡೆ ಹೋದಾಗ “ಸ್ಲ್ಯಾಬ್ ಯಾವಾಗ?” ಎಂದರು. ಕೆಲಸ ಒಂದೇ, ಹಲಗೆ ಹೊಡೆದು ಕಂಬಿ ಕಟ್ಟಿ ಕಾಂಕ್ರೀಟು ಸುರಿಯುವುದು. ಗಟ್ಟಿಯಾಗುವ ತನಕ ಮೋಲ್ಡ್. ಹತ್ತಿ ಬಟ್ಟೆ ಒಣಗಿಸಲು ಶುರು ಮಾಡಿದ ಮೇಲೆ ತಾರಸಿ.

ಕಡಲತಡಿಯವರಿಗೆ ಒಂದು ಮಾತು. ತಾರಸಿಯೂ ಚಪ್ಪಟೆಯಲ್ಲ. ನೀರು ಕೊಳವೆಯ ಕಡೆ ಹರಿಯುವಷ್ಟು ವಾಟ ಕೊಟ್ಟಿರುತ್ತೇವೆ, ಕಣ್ಣಿಗೆ ಕಾಣುವುದಿಲ್ಲ. ವಾಟ ತಪ್ಪಿದರೆ ನಿಮ್ಮ ಅಣ್ಣನ ಮನೆಯ ಕಥೆಯೇ ಆಗುತ್ತದೆ.

ಬಿಡುವಿನ ಗಾದೆ:
ಗಾದೆಯಲ್ಲಿಯೂ ಛಾವಣಿ ಇಲ್ಲ, ಗಮನಿಸಿದಿರಾ? ‘ಉಂಡ ಮನೆಯ ಜಂತೆ ಎಣಿಸುವುದು’ ಎನ್ನುತ್ತೇವೆ. ಊಟಕ್ಕೆ ಕರೆದವರ ಮನೆಯಲ್ಲಿ ಮಲಗಿ, ತಲೆಯೆತ್ತಿ ಅವರ ಆಸ್ತಿಯನ್ನು ಅಳೆಯುವವನು. ಅದಕ್ಕಿಂತ ಕೆಟ್ಟವನು ‘ಉಂಡ ಮನೆಯ ಗಳ ಹಿರಿಯುವವನು’. ಗಳ ಎಂದರೆ ಮಾಡಿನ ಬಿದಿರು. ಒಂದು ಗಳ ಎಳೆದರೆ ಮೇಲಿನದೆಲ್ಲ ಕೆಳಗೆ.

ಕರಿಮಣ್ಣು:
ಜಂತೆ ಎಣಿಸುವುದು ನಮ್ಮ ಮಾಳಿಗೆಯ ಗಾದೆ, ಗಳ ಹಿರಿಯುವುದು ಹುಲ್ಲು ಮನೆಯ ಗಾದೆ. ಕಾಂಕ್ರೀಟಿನವರು ಏನು ಎಣಿಸುತ್ತಾರೆ?

ಎರಡನೇ ಮಹಡಿ:
ಸೋರಿದ ಕಲೆಗಳನ್ನು.

ನೀರಲೆಕ್ಕ:
ಎಲ್ಲರಿಗೂ ವಂದನೆಗಳು. ಆದರೆ ನನ್ನ ಕಷ್ಟ ಹೆಚ್ಚಾಯಿತು. ಮೂರನೇ ಪುಟದಲ್ಲಿ ಒಂದು ಲೆಕ್ಕ ಇದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಎಂಟು ಮೀಟರ್ ಅಗಲ, ಹತ್ತು ಮೀಟರ್ ಉದ್ದ ಇದ್ದರೆ 80 ಚದರ ಮೀಟರ್. 25 ಮಿಲಿಮೀಟರ್ ಮಳೆಗೆ 2000 ಲೀಟರ್. ಸೋರಿಕೆ, ಆವಿ ಕಳೆದರೆ ಸ್ವಲ್ಪ ಕಡಿಮೆ. ಇಲ್ಲಿ ನಾನು “ಛಾವಣಿಯ ಉದ್ದ ಅಗಲ ಅಳೆಯಿರಿ” ಎಂದು ಬರೆದಿದ್ದೆ. ಒಂದು ಶಾಲೆಯಲ್ಲಿ ಪ್ರಯೋಗ ಮಾಡಿಸಿದಾಗ ಹುಡುಗರು ಇಳಿಜಾರಿನ ಉದ್ದಕ್ಕೂ ಹಗ್ಗ ಹಿಡಿದು ಹೆಂಚನ್ನೇ ಅಳೆದು ತಂದರು. ಲೆಕ್ಕದಲ್ಲಿ ನೀರು ಜಾಸ್ತಿ ಬಂತು. ಮಳೆ ಮೇಲಿನಿಂದ ಬೀಳುತ್ತದೆ, ಆದ್ದರಿಂದ ಬೇಕಿರುವುದು ಮಾಡಿನ ಮೈಯಲ್ಲ, ಅದು ನೆಲದ ಮೇಲೆ ಆವರಿಸುವ ಜಾಗ. ಗೋಡೆಯಿಂದ ಗೋಡೆಗೆ ಅಳೆದರೆ ಹೊರಚಾಚು ಬಿಟ್ಟುಹೋಗುತ್ತದೆ. ಇದನ್ನು ಐದನೇ ತರಗತಿಯವರಿಗೆ ಹೇಗೆ ಹೇಳುವುದು?

ಮಲೆನಾಡ ಹನಿ:
ಹೇಳಿದೆನಲ್ಲ, ಅಂಗಳದಲ್ಲಿ ಗೆರೆ ಇದೆ ಎಂದು. ಸೂರಿನ ನೀರು ಬೀಳುವ ಗೆರೆಯಿಂದ ಆಚೆ ಬದಿಯ ಗೆರೆಗೆ ಅಳೆಯಲು ಹೇಳಿ. ಏಣಿಯೂ ಬೇಡ, ಹೆಂಚಿನ ಮೇಲೆ ಹತ್ತಿ ಕಾಲು ಮುರಿದುಕೊಳ್ಳುವುದೂ ಬೇಡ.

ಅಚ್ಚುಮೊಳೆ:
ಸೂರು ತನ್ನ ಅಂಚಿಗೆ ಮರಳಲಿ. ನನ್ನ ಶೀರ್ಷಿಕೆಗೆ ನಾನು ಬೇರೆ ಎರಡಕ್ಷರ ಹುಡುಕಿಕೊಳ್ಳುತ್ತೇನೆ.

ಕರಿಮಣ್ಣು:
ಮಾಳಿಗೆಗೆ ಸೂರಿಲ್ಲ. ನಮ್ಮ ಮಕ್ಕಳು ಮೇಲೆ ಹತ್ತಿಯೇ ಅಳೆಯಲಿ, ನಾವು ದಿನವೂ ಹತ್ತುತ್ತೇವೆ.

ನೀರಲೆಕ್ಕ:
ಹೀಗೆ ತಿದ್ದಿದ್ದೇನೆ, ನೋಡಿ ಹೇಳಿ.

“ಮಳೆ ಬಂದಾಗ ನಿಮ್ಮ ಮನೆಯ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ನಿಮ್ಮದು ಹೆಂಚಿನ ಅಥವಾ ತಗಡಿನ ಮಾಡಾದರೆ, ಸೂರಿನ ನೀರು ಅಂಗಳದಲ್ಲಿ ಬೀಳುವ ಗೆರೆಯನ್ನು ಹುಡುಕಿ. ಈ ಗೆರೆಯಿಂದ ಮನೆಯ ಆಚೆ ಬದಿಯ ಗೆರೆಗೆ ಅಳೆಯಿರಿ. ನಿಮ್ಮದು ಮಾಳಿಗೆ ಅಥವಾ ತಾರಸಿಯಾದರೆ, ದೊಡ್ಡವರೊಬ್ಬರನ್ನು ಕರೆದುಕೊಂಡು ಮೇಲೆ ಹತ್ತಿ ಅಳೆಯಿರಿ.”

ಛಾವಣಿಯನ್ನು ಹಿಂಬದಿಯ ಪದಪಟ್ಟಿಯಲ್ಲಿ ಇಟ್ಟಿದ್ದೇನೆ.

ಕಡಲತಡಿ:
ವಾಕ್ಯ ಚೆನ್ನಾಗಿದೆ. ಚಿತ್ರವನ್ನೂ ಒಮ್ಮೆ ನೋಡಿ. ನೀವು ಮೊದಲು ಹಾಕಿದ್ದ ಕರಡಿನಲ್ಲಿ ದಂಬೆಯನ್ನು ಗೋಡೆಗೆ ಅಂಟಿಸಿ ಬರೆದಿದ್ದಾರೆ. ಸೂರು ಅದಕ್ಕಿಂತ ಒಂದು ಮೊಳ ಮುಂದಿದೆ. ಹಾಗೆ ಕಟ್ಟಿದರೆ ಒಂದು ಹನಿಯೂ ಹಂಡೆಗೆ ಬೀಳುವುದಿಲ್ಲ.